ಎರಡು ಬಿಳಿ ಗುಳಿಗೆ ಮತ್ತು ನಮ್ಮವ್ವಂದಿರ ಸೊಂಟ

ನಾವು ನೋವಿನ ಬಗ್ಗೆ ಬಹಳ ಬರೆದವರು. ನಮ್ಮ ಪದ್ಯಗಳಲ್ಲಿ 'ನೋವು' ಎಂಬ ಮಾತಿಲ್ಲದ ಒಂದನ್ನು ಹುಡುಕಿ ತೆಗೆಯಿರಿ ನೋಡೋಣ. ಶತಮಾನದ ನೋವು, ಬೆಂದ ನೋವು, ಹೆಪ್ಪುಗಟ್ಟಿದ ನೋವು. ವೇದಿಕೆ ಹತ್ತಿ ಓದಿದ್ದೇವೆ, ಚಪ್ಪಾಳೆ ತಗೊಂಡಿದ್ದೇವೆ. ಆದರೆ ನಡುರಾತ್ರಿ ನಮ್ಮವ್ವ ಗೋಡೆ ಹಿಡಿದು ಎದ್ದು ಕೂತು 'ಅಯ್ಯೋ ನನ್ ಸೊಂಟ' ಅಂದಾಗ, ಆ ಪದ್ಯ ಬರೆದವರು ಮಗ್ಗುಲು ಬದಲಿಸಿ ಮಲಗಿದೆವು. ಇದನ್ನು ಒಪ್ಪಿಕೊಂಡೇ ಮಾತು ಶುರು ಮಾಡುತ್ತೇವೆ.

ಇಲ್ಲಿ ನಾವು ಹೇಳುವ ನೋವು ರೂಪಕ ಅಲ್ಲ. ಸೊಂಟದ್ದು, ಮಂಡಿಯದ್ದು, ಕತ್ತಿನದ್ದು, ಉರಿಯುವ ಅಂಗಾಲಿನದ್ದು. ಮೂರು ತಿಂಗಳು ಮೀರಿ ಉಳಿದ ನೋವನ್ನು ವೈದ್ಯಶಾಸ್ತ್ರ ದೀರ್ಘಕಾಲದ ನೋವು ಅನ್ನುತ್ತದೆ. ಮೂರು ತಿಂಗಳು! ನಮ್ಮ ಕೇರಿಗೆ ಬನ್ನಿ, ಮೂವತ್ತು ವರ್ಷದ ನೋವುಗಳನ್ನು ತೋರಿಸುತ್ತೇವೆ. ಮಕ್ಕಳಿಗಿಂತ ವಯಸ್ಸಾದ ನೋವುಗಳಿವೆ ಅಲ್ಲಿ.

ಈ ನೋವು ಯಾರದು? ಕೆಸರಲ್ಲಿ ಬಗ್ಗಿ ನಾಟಿ ಹಾಕಿದವಳದು. ಕಬ್ಬಿನ ಹೊರೆ ಹೊತ್ತು ಲಾರಿ ತುಂಬಿಸಿದವನದು. ಕ್ವಾರಿಯಲ್ಲಿ ಸುತ್ತಿಗೆ ಎತ್ತಿದವನದು. ಮೊರ ಮಡಿಲಲ್ಲಿಟ್ಟು ದಿನವೆಲ್ಲ ಬೀಡಿ ಕಟ್ಟಿದವಳದು. ಬೆಳಗಿನ ಜಾವ ಪಟ್ಟಣದ ಬೀದಿ ಗುಡಿಸಿದವಳದು. ಗದ್ದೆ ಯಾರದೋ, ಕಬ್ಬು ಯಾರದೋ, ಬೀದಿ ಯಾರದೋ. ಬೆನ್ನು ಮಾತ್ರ ನಮ್ಮದು. ಫಸಲು ಹಂಚುವಾಗ ನಮಗೆ ತಪ್ಪದೆ ಬಂದ ಪಾಲು ಇದೊಂದೇ.

ಉಳಿದವರಿಗೆ ನೋವಿಲ್ಲವೆ? ಇದೆ. ಆದರೆ ನೋವು ಬಂದ ದಿನ ಮಲಗಬಲ್ಲವನ ಸೊಂಟ ಬೇರೆ, ನೋವಿದ್ದೂ ನಾಳೆ ಬಗ್ಗಲೇಬೇಕಾದವಳ ಸೊಂಟ ಬೇರೆ. ಈ ವ್ಯತ್ಯಾಸ ದೇವರು ಮಾಡಿದ್ದಲ್ಲ. ಭೂಮಿ ಯಾರ ಕೈಲಿದೆ, ಪೊರಕೆ ಯಾರ ಕೈಲಿದೆ ಎನ್ನುವುದು ಮಾಡಿದ್ದು. ಇದನ್ನು ಮುಚ್ಚಿಡಲೆಂದೇ ಪುರೋಹಿತಶಾಹಿ 'ಕರ್ಮ' ಎಂಬ ಮುಲಾಮು ಕಂಡುಹಿಡಿಯಿತು. ಹಿಂದಿನ ಜನ್ಮದಲ್ಲಿ ಏನೋ ಮಾಡಿದ್ದಿ, ಅನುಭವಿಸು. ಸಾವಿರಾರು ವರ್ಷ ಈ ಮುಲಾಮು ತಿಕ್ಕಿಸಿಕೊಂಡ ನಮ್ಮವ್ವಂದಿರು ಈಗಲೂ ಆಸ್ಪತ್ರೆ ಬಾಗಿಲಲ್ಲಿ ನೋವು ಹೇಳಿಕೊಳ್ಳುವಾಗ ತಪ್ಪು ಒಪ್ಪಿಕೊಂಡ ಹಾಗೆ ತಲೆ ತಗ್ಗಿಸುತ್ತಾರೆ.

*

ಒಂದು ಮಳೆಗಾಲದ ಮಾತು. ನಾಟಿ ಮುಗಿದಿತ್ತು. ನಮ್ಮ ಕೇರಿಯ ಹೆಂಗಸರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಬಂದರು. ಎಲ್ಲರ ಕೈಲೂ ಒಂದೇ ಮದ್ದು: ಎರಡು ಥರದ ಬಿಳಿ ಗುಳಿಗೆ, ಮೂರು ದಿನಕ್ಕೆ. ಮಂಡಿ ಅಂದವಳಿಗೂ ಅದೇ, ಸೊಂಟ ಅಂದವಳಿಗೂ ಅದೇ, ಕಾಲು ಉರಿ ಅಂದವಳಿಗೂ ಅದೇ. 'ಡಾಕ್ಟ್ರು ತಲೆ ಎತ್ತಿ ನೋಡ್ನಿಲ್ಲ ಕನಪ್ಪ' ಅಂದಳು ಅವ್ವ. ನಮಗೆ ರಕ್ತ ಕುದಿಯಿತು. ಒಂದು ಮನವಿ ಪತ್ರ ಬರೆದು, ಎಂಟು ಜನ ಹುಡುಗರು ಘೋಷಣೆ ಕೂಗಿಕೊಂಡು ಹೋದೆವು. ಡಾಕ್ಟರ ಜಾತಿ ಯಾವುದು ಅಂತ ನಮ್ಮಲ್ಲೊಬ್ಬ ಮೊದಲೇ ವಿಚಾರಿಸಿಕೊಂಡು ಬಂದಿದ್ದ, ಕೋಪಕ್ಕೆ ಅನುಕೂಲವಾಗಲಿ ಅಂತ.

ಆ ಮನುಷ್ಯ ಘೋಷಣೆ ಮುಗಿಯುವ ತನಕ ಕಾದ. ಆಮೇಲೆ ಕುರ್ಚಿ ಹಿಂದಕ್ಕೆ ತಳ್ಳಿ ಹೇಳಿದ:

'ನೋಡ್ರಪ್ಪಾ, ಬೆಳಗ್ಗೆಯಿಂದ ಇದು ತೊಂಬತ್ತನೇ ಚೀಟಿ. ಮಧ್ಯಾಹ್ನ ಲಸಿಕೆ, ಸಂಜೆ ವರದಿ, ರಾತ್ರಿ ಹೆರಿಗೆ. ಇರೋನು ನಾನೊಬ್ಬ. ನಿಮ್ಮವ್ವನ ಸೊಂಟ ಸರಿಯಾಗಿ ನೋಡ್ಬೇಕು ಅಂದ್ರೆ ಅರ್ಧ ಗಂಟೆ ಬೇಕು. ಅಷ್ಟೊತ್ತಿಗೆ ಹೊರಗೆ ನಿಂತಿರೋ ಬಾಣಂತಿ ಬಿದ್ದೋಗ್ತಾಳೆ. ನಾನು ಓದಿದ ಕಾಲದಲ್ಲಿ ನೋವು ಅನ್ನೋದನ್ನೇ ಒಂದು ಪಾಠ ಮಾಡಿ ಯಾರೂ ಹೇಳ್ಕೊಡಲಿಲ್ಲ. ಗುಳಿಗೆ ಜಾಸ್ತಿ ಕೊಟ್ರೆ ಕಿಡ್ನಿ ಹೋಗುತ್ತೆ, ಕೊಡದಿದ್ರೆ ನೀವು ಬಾಗಿಲು ಮುರೀತೀರಿ. ಯಾರನ್ನ ಕೇಳ್ಲಿ? ಜಿಲ್ಲಾಸ್ಪತ್ರೆಗೆ ಬರೆದುಕೊಟ್ರೆ ಇವರು ಹೋಗಲ್ಲ, ಕೂಲಿ ಹೋಗುತ್ತೆ. ನೀವು ಬರೆಯೋರಲ್ವಾ? ಇದನ್ನೂ ಬರೀರಿ.'

ನಾವು ಮನವಿ ಪತ್ರ ಮಡಚಿ ಜೇಬಿಗಿಟ್ಟುಕೊಂಡು ಬಂದೆವು. ಅದರ ವಿಳಾಸ ತಪ್ಪಾಗಿತ್ತು.

ಗೆಳೆಯರೆ, ಡಾಕ್ಟರನ್ನು ನಾವು ಪೂಜೆ ಮಾಡಲು ಹೊರಟಿಲ್ಲ. ನಮ್ಮ ಮೈ ಮುಟ್ಟದೆ ದೂರದಿಂದಲೇ ಚೀಟಿ ಎಸೆಯುವ ಕೈಗಳನ್ನು ಕಂಡಿದ್ದೇವೆ. ಆ ಕೈಗೆ ತರಬೇತಿ ಸಾಲದು, ನಾಚಿಕೆ ಬೇಕು. ಆದರೆ ಮುಟ್ಟಲು ಸಿದ್ಧವಿರುವ ಕೈಯನ್ನೂ ಈ ವ್ಯವಸ್ಥೆ ಕಟ್ಟಿಹಾಕಿದೆ. ಸರಕಾರದ ಲೆಕ್ಕದಲ್ಲೇ ಬಯಲುಸೀಮೆಯಲ್ಲಿ 30,000 ಜನಕ್ಕೆ, ಗುಡ್ಡಗಾಡಿನಲ್ಲಿ 20,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಎಂ.ಬಿ.ಬಿ.ಎಸ್. ಪಠ್ಯಕ್ರಮದೊಳಕ್ಕೆ ನೋವಿನ ನಿರ್ವಹಣೆ ಮತ್ತು ಉಪಶಾಮಕ ಆರೈಕೆ ಒಂದು ವಿಷಯವಾಗಿ ಬಂದದ್ದು 2019ರಲ್ಲಿ. ಅದಕ್ಕೆ ಮುಂಚೆ ಓದಿ ಬಂದು ಹಳ್ಳಿಗಳಲ್ಲಿ ಕೂತಿರುವವರಿಗೆ ಯಾರು ಕಲಿಸಿದರು? ಒಬ್ಬನೇ ಮನುಷ್ಯನನ್ನು ನಮ್ಮ ಮುಂದೆ ಕೂರಿಸಿ, ಅವನ ಕೈಗೆ ಎರಡು ಗುಳಿಗೆ ಕೊಟ್ಟು, ನಮ್ಮನ್ನೂ ಅವನನ್ನೂ ಜಗಳಕ್ಕೆ ಬಿಟ್ಟು, ವಿಧಾನಸೌಧ ತಣ್ಣಗೆ ಕೂತಿದೆ. ಇದು ಹಳೇ ಆಟ. ಜೀತಗಾರನಿಗೂ ಮೇಸ್ತ್ರಿಗೂ ಜಗಳ ಹಚ್ಚಿ ಧಣಿ ಒಳಗೆ ಮಲಗಿದ್ದ ಹಾಗೆ.

*

ಆ ಬಾಗಿಲಿಂದ ಖಾಲಿ ಕೈಲಿ ಬಂದ ನೋವು ಎಲ್ಲಿಗೆ ಹೋಗುತ್ತದೆ? ನಾವು ಹಿಂದೆ ಹಿಂದೆ ಹೋಗಿ ನೋಡಿದ್ದೇವೆ.

ಮೊದಲು ಸೂಜಿ ಡಾಕ್ಟರ ಹತ್ತಿರ. ಪದವಿ ಇಲ್ಲ, ಆದರೆ ಬೋರ್ಡು ಇದೆ. ಒಂದು ನೋವಿನ ಇಂಜೆಕ್ಷನ್, ಅದರ ಜೊತೆ ಸ್ಟೀರಾಯ್ಡ್. ಅವ್ವ ಮಾರನೇ ದಿನ ಗದ್ದೆಗಿಳಿಯುತ್ತಾಳೆ, 'ಕೈಗುಣ ಚೆನ್ನಾಗದೆ' ಅನ್ನುತ್ತಾಳೆ. ತಿಂಗಳುಗಟ್ಟಲೆ ಇದೇ ನಡೆದರೆ ಸ್ಟೀರಾಯ್ಡ್ ಮೂಳೆಯನ್ನು ಟೊಳ್ಳು ಮಾಡುತ್ತದೆ, ಸಕ್ಕರೆ ಏರಿಸುತ್ತದೆ. ಡೈಕ್ಲೋಫಿನಾಕ್‌ನಂಥ ಗುಳಿಗೆಗಳು ಹೊಟ್ಟೆಯಲ್ಲಿ ಹುಣ್ಣು ಮಾಡಬಲ್ಲವು, ಬಿಸಿಲಲ್ಲಿ ನೀರಿಲ್ಲದೆ ದುಡಿಯುವ ದೇಹದ ಕಿಡ್ನಿಗೆ ಕುತ್ತು ತರಬಲ್ಲವು. ನೋವಿಗೆ ಹೋದವಳು ಡಯಾಲಿಸಿಸ್ ಬಾಗಿಲಿಗೆ ಬಂದು ನಿಲ್ಲುತ್ತಾಳೆ.

ಆಮೇಲೆ ಬೆಲ್ಟು. ಸಾಲ ಮಾಡಿ ಸೊಂಟದ ಪಟ್ಟಿ ತರುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ದೀರ್ಘಕಾಲದ ಸೊಂಟನೋವಿಗೆ ಮೊದಲ ಸಲ ಮಾರ್ಗಸೂಚಿ ತಂದಿತು. ವಿಶೇಷ ಕಾರಣ ಕಾಣದ ಸೊಂಟನೋವಿಗೆ ಪಟ್ಟಿ ಕಟ್ಟುವುದು, ಎಳೆತದ ಚಿಕಿತ್ಸೆ, ಅಫೀಮು ಜಾತಿಯ ಮದ್ದು ವಾಡಿಕೆಯಾಗಿ ಬೇಡ ಎಂದಿತು. ತಿಳಿವಳಿಕೆ ಕೊಡುವುದು, ವ್ಯಾಯಾಮ, ಮನಸ್ಸಿಗೆ ಬೆಂಬಲ, ಬೇಕಾದಾಗ ಎಚ್ಚರದಿಂದ ಮಾತ್ರೆ ಇವನ್ನು ಮುಂದಿಟ್ಟಿತು. ಅದು ಬರೆದದ್ದು ಯಾರಿಗೆ? ಪ್ರಾಥಮಿಕ ಮತ್ತು ಸಮುದಾಯ ಮಟ್ಟದ ಆರೈಕೆಗೆ. ಅಂದರೆ ತೊಂಬತ್ತನೇ ಚೀಟಿ ಬರೆಯುತ್ತಿದ್ದ ನಮ್ಮ ಡಾಕ್ಟರಿಗೆ! ಅದನ್ನು ಅವನ ಮೇಜಿಗೆ, ಅವನ ಭಾಷೆಯಲ್ಲಿ, ಅವನ ವೇಳೆಯೊಳಗೆ ತಲುಪಿಸುವ ಹೊಣೆ ಯಾರದು?

ಗಂಡಸರ ದಾರಿ ಬೇರೆ. 'ಮೈಕೈ ನೋವು ಕಣ್ಲಾ, ಒಂದು ಪಾಕೀಟು ಹಾಕಿದ್ರೆ ನಿದ್ದೆ ಬತ್ತದೆ.' ಸಾರಾಯಿ 2007ರಲ್ಲಿ ನಿಂತಿತು, ಅದರ ಜಾಗಕ್ಕೆ ಅಗ್ಗದ ವಿಸ್ಕಿ ಬಂತು. ಇಡೀ ರಾಜ್ಯಕ್ಕೆ ಆ ಬಾಟಲಿ ಸಗಟಾಗಿ ಹಂಚುವುದು ಸರಕಾರದ್ದೇ ಪಾನೀಯ ನಿಗಮ. ನಾವು ಕೇಳುತ್ತೇವೆ: ಬಾಟಲಿಯನ್ನು ಪ್ರತಿ ಹೋಬಳಿಗೆ ತಪ್ಪದೆ ತಲುಪಿಸಬಲ್ಲ ಸರಕಾರಕ್ಕೆ ನೋವಿನ ಮದ್ದು ತಲುಪಿಸಲು ರಸ್ತೆ ಸಿಗುವುದಿಲ್ಲವೆ?

ಇನ್ನು ಹೆಣ್ಣುಮಕ್ಕಳ ಕಥೆ. 2015ರಲ್ಲಿ ಕಲಬುರಗಿ ಜಿಲ್ಲೆಯ ತಾಂಡಾಗಳಿಂದ ಒಂದು ಸುದ್ದಿ ಹೊರಬಿತ್ತು. ಹೊಟ್ಟೆನೋವು, ಬೆನ್ನುನೋವು, ಬಿಳಿಸೆರಗು ಅಂತ ಖಾಸಗಿ ಆಸ್ಪತ್ರೆಗೆ ಹೋದ ಲಂಬಾಣಿ, ದಲಿತ ಹೆಣ್ಣುಮಕ್ಕಳ ಗರ್ಭಕೋಶಗಳನ್ನೇ ತೆಗೆದು ಕಳಿಸಿದ್ದರು. ಅವರಲ್ಲಿ ಬಹಳ ಮಂದಿಗೆ ನಲವತ್ತೂ ತುಂಬಿರಲಿಲ್ಲ. 2019ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರದೂ ಇದೇ ಗತಿ ಎಂದು ಬಯಲಾಯಿತು. ಬೇಡದ ಗರ್ಭಕೋಶ ಶಸ್ತ್ರಚಿಕಿತ್ಸೆಗಳಿಗೆ ಕಡಿವಾಣ ಹಾಕಿ ಎಂದು 2023ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಒಬ್ಬ ಡಾಕ್ಟರು ಹತ್ತಿರದಲ್ಲೇ ಕೂತು, ಆ ನೋವು ಎಲ್ಲಿಂದ ಬಂತು ಎಂದು ಅರ್ಧ ಗಂಟೆ ಕೇಳುವಂತಿದ್ದರೆ ಆ ಗರ್ಭಕೋಶಗಳಲ್ಲಿ ಎಷ್ಟೋ ಉಳಿಯುತ್ತಿದ್ದವು. ನೋವನ್ನು ಕೇಳದ ಸಮಾಜ ಕೊನೆಗೆ ಅಂಗಾಂಗವನ್ನೇ ಕಿತ್ತುಕೊಳ್ಳುತ್ತದೆ!

*

ನಮ್ಮಲ್ಲಿ ಓದಿದವರೂ ಹೇಳುವುದುಂಟು: 'ಎಕ್ಸ್-ರೇಲಿ ಏನೂ ಇಲ್ಲ, ಸುಮ್ನೆ ನಾಟಕ.' ಇದು ಅಜ್ಞಾನ. ಗಾಯ ಮಾದ ಮೇಲೂ ನರಗಳು ನೋವಿನ ಸುದ್ದಿ ಕಳಿಸುತ್ತಲೇ ಇರಬಲ್ಲವು. ಕಳ್ಳ ಹೋಗಿ ಎಷ್ಟೋ ಹೊತ್ತಾದರೂ ಬೊಗಳುತ್ತಲೇ ಇರುವ ನಾಯಿಯ ಹಾಗೆ. ನಾಯಿ ಬೊಗಳುವುದು ಸುಳ್ಳಲ್ಲ. ನಿದ್ದೆಗೇಡು, ಸಾಲ, ಗಂಡನ ಏಟು, ನಾಳೆ ಕೂಲಿ ಸಿಗುತ್ತದೋ ಇಲ್ಲವೋ ಎಂಬ ದಿಗಿಲು ಆ ನಾಯಿಯನ್ನು ಇನ್ನಷ್ಟು ಕೆಣಕುತ್ತವೆ. ನೋವಿನ ಅಧ್ಯಯನಕ್ಕೆಂದೇ ಇರುವ ಅಂತಾರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆ ತಿದ್ದಿದಾಗ, ತನಗೆ ನೋವಿದೆ ಎಂದವರ ಮಾತನ್ನು ಗೌರವಿಸಬೇಕು ಎಂದು ಸೇರಿಸಿತು. ನಮ್ಮ ಮಾತನ್ನು ಗೌರವಿಸಿ ಎಂದು ನಾವು ಊರ ಬಾವಿ ಕಟ್ಟೆಯಿಂದ ಹಿಡಿದು ಎಲ್ಲ ಕಡೆ ಕೇಳಿದ್ದೂ ಇದನ್ನೇ ಅಲ್ಲವೆ?

ಹಾಗಂತ ಎಲ್ಲ ನೋವೂ ಒಂದೇ ಅಲ್ಲ. ಜ್ವರ, ತೂಕ ಇಳಿತ ಕೂಡಿದ ಬೆನ್ನುನೋವು ಮೂಳೆಯ ಕ್ಷಯವಿರಬಹುದು. ಕಾಲು ಬಲಗುಂದಿ, ಮೂತ್ರದ ಹಿಡಿತ ತಪ್ಪಿದರೆ ಅಂದೇ ದೊಡ್ಡಾಸ್ಪತ್ರೆಗೆ ಓಡಬೇಕು. ಸಕ್ಕರೆ ಕಾಯಿಲೆಯ ಕಾಲುರಿಗೆ ಪ್ಯಾರಾಸಿಟಮಾಲ್ ಹಿಡಿಯುವುದಿಲ್ಲ. ಅಮಿಟ್ರಿಪ್ಟಿಲಿನ್ ಎಂಬ ಹಳೆಯ, ಅಗ್ಗದ ಮಾತ್ರೆ ಡಾಕ್ಟರ ನಿಗಾದಲ್ಲಿ ಹಲವರಿಗೆ ಹಿಡಿಯುತ್ತದೆ. ಇದನ್ನೆಲ್ಲ ಬೇರೆ ಬೇರೆ ಮಾಡಿ ನೋಡುವುದೇ ಪ್ರಾಥಮಿಕ ವೈದ್ಯನ ವಿದ್ಯೆ. ಎರಡು ನಿಮಿಷದಲ್ಲಿ ಆಗುವ ವಿದ್ಯೆ ಅಲ್ಲ ಅದು.

ಬಾಬಾಸಾಹೇಬರನ್ನು ನೆನೆಯೋಣ. 1940ರ ದಶಕದ ಕೊನೆಯಲ್ಲಿ, ಸಂವಿಧಾನದ ಕರಡಿನ ಹೊತ್ತಿಗೆ ಅವರಿಗೆ ಸಕ್ಕರೆ ಕಾಯಿಲೆ, ನಿದ್ದೆ ಇಲ್ಲ, ಕಾಲುಗಳಲ್ಲಿ ನರಗಳ ನೋವು. ನಾವು ಅವರ ನೀಲಿ ಕೋಟು ಬರೆಯುತ್ತೇವೆ, ಎತ್ತಿದ ಬೆರಳು ಬರೆಯುತ್ತೇವೆ. ಮೇಜಿನ ಕೆಳಗೆ ಉರಿಯುತ್ತಿದ್ದ ಆ ಕಾಲುಗಳನ್ನು ಯಾರೂ ಬರೆಯಲಿಲ್ಲ. ಸಾರ್ವಜನಿಕ ಆರೋಗ್ಯದ ಸುಧಾರಣೆ ಪ್ರಭುತ್ವದ ಮೊದಲ ಕರ್ತವ್ಯಗಳಲ್ಲೊಂದು ಎನ್ನುವ 47ನೇ ವಿಧಿ ಇರುವುದು ಆ ಸಂವಿಧಾನದಲ್ಲೇ.

*

ಈಗ ಮಲೆನಾಡಿಗೆ ಬನ್ನಿ. ಸಾಗರ ತಾಲ್ಲೂಕಿನ ಹಂದಿಗೋಡು. 1974–75ರ ಸುಮಾರಿಗೆ ಅಲ್ಲಿ ಒಂದು ಕಾಯಿಲೆ ಹೊರಜಗತ್ತಿನ ಕಣ್ಣಿಗೆ ಬಿತ್ತು. ಸೊಂಟದ ಕೀಲು, ಮಂಡಿಯ ಕೀಲು ಸವೆದು ಜನ ಓಲಾಡುತ್ತ ನಡೆಯುತ್ತಿದ್ದರು, ಕೆಲವರು ತೆವಳುತ್ತಿದ್ದರು. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಬೇರೆ ಹಳ್ಳಿಗಳಲ್ಲೂ ಅದು ಕಂಡಿತು. ಹೆಚ್ಚಿನವರು ಚನ್ನಂಗಿ ಮತ್ತು ಛಲವಾದಿ ಜನ, ಅಂದರೆ ನಮ್ಮವರು. ಕೀಟನಾಶಕ ಹೊಡೆದ ಗದ್ದೆಯ ಏಡಿ ತಿಂದದ್ದರಿಂದ ಬಂತು ಎಂದು ಮೊದಲು ಶಂಕೆ ಹುಟ್ಟಿತು. ವಂಶವಾಹಿಯಿಂದ ಬರುವ ಕಾಯಿಲೆ ಎಂದು ಮುಂದಿನ ಅಧ್ಯಯನಗಳು ಹೇಳಿದವು. ಸಂಶೋಧಕರು ಬಂದರು, ರಕ್ತ ತೆಗೆದರು, ಎಕ್ಸ್-ರೇ ತೆಗೆದರು. ವೈದ್ಯಕೀಯ ಪತ್ರಿಕೆಗಳಲ್ಲಿ ಊರಿನ ಹೆಸರು ಅಚ್ಚಾಯಿತು.

ಸಂಶೋಧನೆ ಬೇಡ ಅನ್ನುವ ಮೂಢರು ನಾವಲ್ಲ. ಆದರೆ ಕಾರಣ ಗೊತ್ತಾದರೂ ಬೇರುಸಹಿತ ವಾಸಿಮಾಡುವ ಮದ್ದು ಇಲ್ಲದ ಕಾಯಿಲೆಯಲ್ಲಿ ಉಳಿಯುವುದೇನು? ದಿನದಿನದ ನೋವು. ಅದನ್ನು ತಗ್ಗಿಸುವುದು, ಕೀಲು ಗಟ್ಟಿಯಾಗದಂತೆ ಆಡಿಸುವುದು, ಊರುಗೋಲು ಕೊಡುವುದು, ಶಸ್ತ್ರಚಿಕಿತ್ಸೆ ಯಾರಿಗೆ ಬೇಕು ಎಂದು ಗುರುತಿಸಿ ಕಳಿಸುವುದು. ಇದು ದೂರದ ವಿಜ್ಞಾನಿಯ ಕೆಲಸ ಅಲ್ಲ. ಹತ್ತಿರದ ಡಾಕ್ಟರದು, ದಾದಿಯದು, ಜೀವಮಾನ ಪೂರ್ತಿ. ರಕ್ತದ ಸೀಸೆ ಹೋದ ದಾರಿಯಲ್ಲಿ ತಿಳಿವಳಿಕೆಯೂ ಮದ್ದೂ ಹಳ್ಳಿಗೆ ವಾಪಸು ಬರಬೇಕು ಎನ್ನುವುದೇ ನಮ್ಮ ವಾದದ ತಿರುಳು.

*

ಆಗದ ಮಾತು ಹೇಳುತ್ತಿದ್ದೀರಿ ಅಂತೀರಾ? ಆಗಿದೆ, ನಮ್ಮ ನಾಡಲ್ಲೇ. ಮನಸ್ಸಿನ ಕಾಯಿಲೆ ಅಂದರೆ ದೊಡ್ಡಾಸ್ಪತ್ರೆ, ಸರಪಳಿ, ದೇವರ ಗುಡಿ ಅಂತಿದ್ದ ಕಾಲದಲ್ಲಿ, 1980ರ ದಶಕದಲ್ಲಿ, ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಗೆ ಹೋಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಕೆಲವೇ ಮದ್ದು ಕೈಗಿಟ್ಟು, ಬೆನ್ನ ಹಿಂದೆ ನಿಂತಿತು. 1996ರಲ್ಲಿ ದೇಶ ಶುರು ಮಾಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಹುಚ್ಚು ಎಂದು ಕಟ್ಟಿಹಾಕುತ್ತಿದ್ದ ಕಾಯಿಲೆಗೆ ಆದದ್ದು ಸೊಂಟನೋವಿಗೆ ಆಗದೆ?

ಪಕ್ಕದ ಕೇರಳ ನೋಡಿ. 1993ರಲ್ಲಿ ಕೋಯಿಕ್ಕೋಡಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮುಂತಾದವರು ನೋವು ಮತ್ತು ಉಪಶಾಮಕ ಆರೈಕೆಯ ಸೊಸೈಟಿ ಕಟ್ಟಿದರು. ನೆರೆಹೊರೆಯ ಜನ ಕೈ ಜೋಡಿಸಿದರು. 2008ರಲ್ಲಿ ಸರಕಾರ ಅದನ್ನು ನೀತಿ ಮಾಡಿತು. ಪಂಚಾಯ್ತಿಯ ದಾದಿ ಹಾಸಿಗೆ ಹಿಡಿದವರ ಮನೆಗೇ ಹೋಗುತ್ತಾಳೆ. ದೂರದ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ 2003ರಲ್ಲಿ ಡಾ. ಸಂಜೀವ್ ಅರೋರಾ ಎಂಬವರು ಹಳ್ಳಿ ಡಾಕ್ಟರುಗಳನ್ನು ವಾರ ವಾರ ಪರದೆಯ ಮೇಲೆ ತಜ್ಞರ ಜೊತೆ ಕೂರಿಸಿ, ಅವರವರ ರೋಗಿಯ ಕಥೆ ಹೇಳಿಸಿ ಕಲಿಸುವ 'ಎಕೋ' ಪದ್ಧತಿ ತಂದರು. ಯಕೃತ್ತಿನ ಕಾಯಿಲೆಯಿಂದ ಶುರುವಾದದ್ದು ದೀರ್ಘಕಾಲದ ನೋವಿಗೂ ಬಳಕೆಗೆ ಬಂತು. ರೋಗಿ ಊರು ಬಿಡುವುದಿಲ್ಲ, ವಿದ್ಯೆ ಊರಿಗೆ ಬರುತ್ತದೆ. ಹಳ್ಳಿ ಹಳ್ಳಿಗೆ ಫೋನು ಬಂದಿರುವ ಈ ದಿನದಲ್ಲಿ ಇದು ಕಷ್ಟವೆ?

ಬೋರ್ಡುಗಳಂತೂ ಬಂದಿವೆ. 2018ರಿಂದ ಉಪಕೇಂದ್ರಗಳು 'ಆರೋಗ್ಯ ಮತ್ತು ಕ್ಷೇಮ ಕೇಂದ್ರ'ವಾದವು, 2023ರಲ್ಲಿ ಹೆಸರು 'ಆರೋಗ್ಯ ಮಂದಿರ'ವಾಯಿತು. ಅಲ್ಲಿ ಸಿಗಬೇಕಾದ ಹನ್ನೆರಡು ಸೇವೆಗಳಲ್ಲಿ ಉಪಶಾಮಕ ಆರೈಕೆಯೂ ಇದೆ, ಕಾಗದದ ಮೇಲೆ. ಮಂದಿರ ಅಂತ ಹೆಸರಿಟ್ಟರೆ ನಮಗೆ ಹಳೆಯ ಭಯ: ಬಾಗಿಲ ಹೊರಗೇ ನಿಲ್ಲಿಸುತ್ತಾರೇನೋ!

ಒಂದು ಮಾತು ಮಾರ್ಫಿನ್ ಬಗ್ಗೆ. ಕ್ಯಾನ್ಸರ್ ನೋವಿನಲ್ಲಿ ಕಿರುಚುತ್ತ ಸತ್ತವರು ನಮ್ಮ ಕೇರಿಯಲ್ಲಿದ್ದಾರೆ. ಆ ನೋವಿಗೆ ಮಾರ್ಫಿನ್ ಬೇಕು. ನಮ್ಮ ದೇಶವೇ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಕಾನೂನುಬದ್ಧವಾಗಿ ಅಫೀಮು ಬೆಳೆಯುತ್ತದೆ, ನೀಮಚ್, ಗಾಜೀಪುರಗಳಲ್ಲಿ ಸರಕಾರಿ ಕಾರ್ಖಾನೆಗಳಿವೆ. ಆದರೂ 1985ರ ಮಾದಕವಸ್ತು ಕಾನೂನಿನ ಭಯಕ್ಕೆ ಆಸ್ಪತ್ರೆಗಳೇ ಅದನ್ನು ಇಡದಾದವು. 2014ರಲ್ಲಿ ತಿದ್ದುಪಡಿಯಾಗಿ ದಾರಿ ಸಲೀಸಾಯಿತು, ಭಯ ಮಾತ್ರ ಹೋಗಲಿಲ್ಲ. ಹಾಗಂತ ಸೊಂಟನೋವಿಗೆ ಅದನ್ನು ಹಂಚಿ ಎಂದು ನಾವು ಹೇಳುವುದಿಲ್ಲ. ಅಮೆರಿಕದಲ್ಲಿ ಕಂಪನಿಗಳು ಲಾಭಕ್ಕಾಗಿ ಇಂಥ ಮಾತ್ರೆಗಳನ್ನು ಡಾಕ್ಟರುಗಳ ಮೂಲಕ ಸುರಿಸಿ ಲಕ್ಷಾಂತರ ಜನ ಸತ್ತದ್ದು ನಮಗೆ ಗೊತ್ತಿದೆ. ಯಾವ ನೋವಿಗೆ ಬೇಕು, ಯಾವುದಕ್ಕೆ ಬೇಡ ಎಂದು ಹೇಳಬಲ್ಲ ಕಲಿತ ಡಾಕ್ಟರು ಬೇಕು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಯಾಕೆ?

*

ಆದ್ದರಿಂದ, ಸರಿಯಾದ ವಿಳಾಸ ಬರೆದು ಮನವಿ ಪತ್ರವನ್ನು ಮತ್ತೆ ತೆಗೆಯುತ್ತೇವೆ. ಇದು ಭಿಕ್ಷೆ ಅಲ್ಲ, ಹಕ್ಕೊತ್ತಾಯ.

ಒಂದು: ಪ್ರಾಥಮಿಕ ಆರೋಗ್ಯ ಕೇಂದ್ರದ ಖಾಲಿ ಹುದ್ದೆ ತುಂಬಿ. ವಾರಕ್ಕೊಂದು ಮಧ್ಯಾಹ್ನ ನೋವಿನವರಿಗೇ ಮೀಸಲಿಡಿ, ಒಬ್ಬೊಬ್ಬರಿಗೆ ಅರ್ಧ ಗಂಟೆ.

ಎರಡು: ಪ್ರತಿ ವೈದ್ಯಕೀಯ ಕಾಲೇಜು ತನ್ನ ಸುತ್ತಲಿನ ಆರೋಗ್ಯ ಕೇಂದ್ರಗಳ ಡಾಕ್ಟರಿಗೆ ವಾರ ವಾರ ಕಲಿಸಲಿ, ಅನುಮಾನ ಬಂದರೆ ಕೇಳಲು ಒಂದು ಫೋನು ಕೊಡಲಿ.

ಮೂರು: ನರದ ನೋವಿನ ಮದ್ದೂ ಸೇರಿದಂತೆ ಬೇಕಾದ ಮದ್ದು ತಿಂಗಳು ಪೂರ್ತಿ ಇರಲಿ. ಕ್ಯಾನ್ಸರ್ ನೋವಿಗೆ ಮಾರ್ಫಿನ್ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗಲಿ.

ನಾಲ್ಕು: ಫಿಸಿಯೋಥೆರಪಿಯವರು ಹೋಬಳಿಗೆ ಬರಲಿ. ಈ ಕೆಲಸವನ್ನೂ ಆಶಾ ಅಕ್ಕಂದಿರ ತಲೆಗೆ ಪುಕ್ಕಟೆ ಕಟ್ಟಬೇಡಿ. ಅವರ ಬೆನ್ನೂ ಬೆನ್ನೇ.

ಐದು: ಬಿಪಿ, ಸಕ್ಕರೆಗೆ ಇರುವ ಹಾಗೆ ನೋವಿಗೂ ರಿಜಿಸ್ಟರ್ ಇರಲಿ. ಅದರಲ್ಲಿ ಯಾವ ಕೆಲಸ ಮಾಡುವವರು ಎಂಬ ಕಾಲಂ ಇರಲಿ. ತುಂಬಿದ ಆ ಪುಟ ಈ ದೇಶದ ಜಾತಿ ವ್ಯವಸ್ಥೆಯ ಎಕ್ಸ್-ರೇ ಆಗುತ್ತದೆ.

ಆರು: ಪೊರಕೆಗೆ ಉದ್ದ ಹಿಡಿ, ಹೊರೆಗೆ ಮಿತಿ, ದುಡಿಮೆಗೆ ಬಿಡುವು, ಬಿಡುವಿಗೆ ಕೂಲಿ. 'ರೆಸ್ಟ್ ತಗೊಳಮ್ಮ' ಎಂದು ಡಾಕ್ಟರು ಬರೆಯಬಲ್ಲ, ಕೂಲಿ ಬರೆಯಲಾರ. ಅದನ್ನು ಬರೆಸಬೇಕಾದವರು ನಾವು.

ಮೇಷ್ಟ್ರುಗಳೇ, ವಿದ್ಯಾರ್ಥಿ ಮಿತ್ರರೇ, ನಿಮ್ಮ ಆರೋಗ್ಯ ಕೇಂದ್ರಕ್ಕೂ ಒಂದು ಆರೋಗ್ಯ ರಕ್ಷಾ ಸಮಿತಿ ಇದೆ. ಅದು ಕೊನೆಯ ಸಲ ಯಾವಾಗ ಸೇರಿತು ಅಂತ ಹೋಗಿ ಕೇಳಿ. ಗ್ರಾಮಸಭೆಯಲ್ಲಿ ಚರಂಡಿಯ ಜೊತೆ ಸೊಂಟದ ಮಾತನ್ನೂ ಎತ್ತಿ. ಕೇರಿಯ ಅಜ್ಜಿಯೊಬ್ಬಳ ಜೊತೆ ಆಸ್ಪತ್ರೆಗೆ ಹೋಗಿ, ಆಕೆ ನೋವು ಹೇಳುವಾಗ ಪಕ್ಕದಲ್ಲಿ ನಿಲ್ಲಿ. ಕೆಲಸ ಮಾಡುವ ಡಾಕ್ಟರು ಕಂಡರೆ ಅವನ ಪರವಾಗಿಯೂ ಕೂಗಿ. ಮುಟ್ಟದವನು ಕಂಡರೆ ಬಿಡಬೇಡಿ.

ನಾವೂ ಮತ್ತೆ ಹೋಗಿದ್ದೆವು, ಘೋಷಣೆ ಇಲ್ಲದೆ, ಅವ್ವನ ಜೊತೆ. ಚೀಟಿಗಳೆಲ್ಲ ಮುಗಿದ ಮೇಲೆ ಡಾಕ್ಟರು ಅವಳನ್ನು ಒಳಕ್ಕೆ ಕರೆದ. 'ಎಷ್ಟು ವರ್ಷದಿಂದ ಅಮ್ಮಾ? ಏನು ಕೆಲಸ ಮಾಡ್ತಿದ್ದೆ?' ಅಂದ. ಅವ್ವ ನಮ್ಮ ಕಡೆ ತಿರುಗಿ ನೋಡಿದಳು. ಅವಳ ನಡುವಯಸ್ಸು ದಾಟಿದ ಬಾಳಿನಲ್ಲಿ ಆ ಪ್ರಶ್ನೆ ಕೇಳಿದ ಮೊದಲ ಮನುಷ್ಯ ಅವನು. ಪದ್ಯ ಬರೆಯುವ ನಾವೂ ಕೇಳಿರಲಿಲ್ಲ.

ಸೊಂಟ ವಾಸಿಯಾಗಲಿಲ್ಲ. ಆದರೆ ಅವತ್ತು ಅವ್ವ ಮಾತಾಡಿದಳು, ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷವನ್ನು ಎಲ್ಲ ಅವ್ವಂದಿರಿಗೂ ಕೊಡಿಸುವ ತನಕ ನಮ್ಮ ಪದ್ಯಗಳಲ್ಲಿ 'ನೋವು' ಎಂಬ ಮಾತು ಸಾಲವೇ ಸರಿ.